ನಿಲ್ಲುತ್ತಿರುವುದು ಎಕ್ಸ್‌ರೇ ಅಲ್ಲ, ಅದರ ಲೈಬ್ರರಿ

ಆಪ್‌ನ ಒಳಗೆ ಎಲ್ಲಿ ತಡವಾಗುತ್ತಿದೆ ಅಂತ ತೋರಿಸುವ ಎಕ್ಸ್‌ರೇಯನ್ನು (ಅಮೆಜಾನ್‌ನ ಕ್ಲೌಡ್ ಕಂಪನಿ ಎಡಬ್ಲ್ಯೂಎಸ್‌ನದು) ಬಳಸುವ ಡೆವಲಪರ್‌ಗಳ ಮುಂದೆ ಎರಡು ತಾರೀಕುಗಳಿವೆ. 2026ರ ಫೆಬ್ರವರಿ 25ರಿಂದ ಎಕ್ಸ್‌ರೇ ಎಸ್‌ಡಿಕೆ (ಅಂದರೆ ಅದರ ಲೈಬ್ರರಿ) ಮತ್ತು ಎಕ್ಸ್‌ರೇ ಡೀಮನ್ ‘ಮೇಂಟೆನೆನ್ಸ್’ ಹಂತಕ್ಕೆ ಹೋಗುತ್ತವೆ. ಅಂದರೆ ಹೊಸ ಸೌಲಭ್ಯ ಸೇರುವುದಿಲ್ಲ, ಭದ್ರತೆಯ ದೋಷ ಕಂಡರೆ ಮಾತ್ರ ರಿಪೇರಿ. 2027ರ ಫೆಬ್ರವರಿ 25ಕ್ಕೆ ಅದೂ ನಿಲ್ಲುತ್ತದೆ. ಅಷ್ಟರೊಳಗೆ ಎಲ್ಲ ಕಂಪನಿಗಳೂ ಸೇರಿ ಬರೆಯುವ ಮುಕ್ತ ಲೈಬ್ರರಿ ಓಪನ್‌ಟೆಲಿಮೆಟ್ರಿಗೆ ಬದಲಾಯಿಸಿಕೊಳ್ಳಿ ಅನ್ನುವುದು ಕಂಪನಿಯ ಸಲಹೆ.

ಈ ಸುದ್ದಿಯ ತಲೆಬರಹ ಮಾತ್ರ ಓದಿದವರಿಗೆ ಎಕ್ಸ್‌ರೇ ಪೂರ್ತಿ ಮುಚ್ಚುತ್ತಿದೆ ಅನ್ನಿಸುತ್ತದೆ. ಹಾಗೇನೂ ಇಲ್ಲ. ಎಕ್ಸ್‌ರೇ ಅನ್ನುವ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದು, ಎಡಬ್ಲ್ಯೂಎಸ್‌ನ ಕಡೆ ಇರುವ ಸೇವೆ: ಟ್ರೇಸ್‌ಗಳನ್ನು, ಅಂದರೆ ಒಂದೊಂದು ರಿಕ್ವೆಸ್ಟ್ ಎಲ್ಲೆಲ್ಲಿ ಹೋಯಿತು ಅನ್ನುವ ದಾಖಲೆಗಳನ್ನು, ಕೂಡಿಟ್ಟು, ಹುಡುಕಿ, ಪರದೆಯ ಮೇಲೆ ತೋರಿಸುವುದು ಅದರ ಕೆಲಸ. ಅದು ಮುಂದುವರಿಯುತ್ತದೆ. ಇನ್ನೊಂದು, ನಮ್ಮ ಆಪ್‌ನ ಕೋಡ್‌ ಒಳಗೆ ಕೂತು ಸಮಯ ಅಳೆಯುವ ಲೈಬ್ರರಿ, ಮತ್ತು ಅದು ಅಳೆದದ್ದನ್ನು ಸಾಗಿಸುವ ಡೀಮನ್ ಅನ್ನುವ ಪುಟ್ಟ ಪ್ರೋಗ್ರಾಂ. ನಿಲ್ಲುತ್ತಿರುವುದು ಈ ಎರಡನೆಯದು.

ಕೇಳಲು ಸಣ್ಣ ವ್ಯತ್ಯಾಸ. ಆದರೆ ಕೆಲಸ ಬೀಳುವುದು ಎರಡನೆಯದರಲ್ಲೇ. ಸೇವೆ ಬದಲಾದರೆ ಒಂದು ಸೆಟ್ಟಿಂಗ್ ಬದಲಿಸಿದರೆ ಸಾಕಾಗಬಹುದು. ಲೈಬ್ರರಿ ಬದಲಾದರೆ ನಮ್ಮ ಆಪ್‌ನ ಪ್ರತಿಯೊಂದು ಸರ್ವಿಸ್‌ನ (ಆಪ್ ಅನ್ನು ಕೂಡಿ ನಡೆಸುವ ಬಿಡಿ ಪ್ರೋಗ್ರಾಂನ) ಕೋಡ್ ತೆರೆಯಬೇಕು, ಪರೀಕ್ಷಿಸಬೇಕು, ಮತ್ತೆ ಬಿಡುಗಡೆ ಮಾಡಬೇಕು.

## ಎರಡೂವರೆ ಸೆಕೆಂಡ್ ಎಲ್ಲಿ ಹೋಯಿತು

ಟ್ರೇಸಿಂಗ್ ಯಾಕೆ ಬೇಕು ಅನ್ನುವುದಕ್ಕೆ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಬಸ್ ಟಿಕೆಟ್ ಕಾಯ್ದಿರಿಸುವ ಒಂದು ಆಪ್ ಇದೆ. ಹುಬ್ಬಳ್ಳಿಗೆ ಸೀಟು ಆರಿಸಿ ‘ಹಣ ಪಾವತಿಸಿ’ ಗುಂಡಿ ಒತ್ತಿದವರಿಗೆ ಉತ್ತರ ಬರಲು 2,400 ಮಿಲಿಸೆಕೆಂಡ್ ಆಗುತ್ತಿದೆ. ಗ್ರಾಹಕರ ದೂರು ಒಂದೇ: ‘ಆಪ್ ಸ್ಲೋ’.

ಹಿಂದೆ ಇಡೀ ಆಪ್ ಒಂದೇ ಪ್ರೋಗ್ರಾಂ ಆಗಿದ್ದ ಕಾಲದಲ್ಲಿ ಲಾಗ್ (ಪ್ರೋಗ್ರಾಂ ತಾನೇ ಬರೆದಿಡುವ ದಿನಚರಿ) ನೋಡಿ ಕಾರಣ ಹುಡುಕುತ್ತಿದ್ದರು. ಈಗ ಲಾಗಿನ್ ಒಂದು ಸರ್ವಿಸ್, ಸೀಟು ಇನ್ನೊಂದು, ದರ ಮತ್ತೊಂದು, ಪಾವತಿ ಮಗದೊಂದು. ಒಂದೊಂದೂ ಬೇರೆ ಟೀಮ್‌ನ ಕೈಯಲ್ಲಿ. ಪ್ರತಿ ಟೀಮ್ ತನ್ನ ಲಾಗ್ ತೆಗೆದು ನೋಡಿ ‘ನಮ್ಮ ಕಡೆ ಎಲ್ಲ ಸರಿ ಇದೆ’ ಅನ್ನುತ್ತದೆ. ಸುಳ್ಳು ಹೇಳುತ್ತಿರುವುದಿಲ್ಲ. ತಮ್ಮ ತುಂಡು ಮಾತ್ರ ಅವರಿಗೆ ಕಾಣುತ್ತದೆ, ಅಷ್ಟೇ.

ಟ್ರೇಸ್ ಅಂದರೆ ಆ ಒಂದು ರಿಕ್ವೆಸ್ಟ್‌ನ ಪೂರ್ತಿ ಪ್ರಯಾಣದ ದಾಖಲೆ. ಪ್ರಯಾಣದ ಒಂದೊಂದು ತುಂಡಿಗೆ ಸ್ಪ್ಯಾನ್ ಅಂತ ಹೆಸರು. ಎಕ್ಸ್‌ರೇಯ ಭಾಷೆಯಲ್ಲಿ ಇವೇ ಸೆಗ್ಮೆಂಟ್, ಸಬ್‌ಸೆಗ್ಮೆಂಟ್. ಪ್ರತಿ ಸ್ಪ್ಯಾನ್‌ಗೂ ಶುರುವಾದ ಹೊತ್ತು, ಮುಗಿದ ಹೊತ್ತು, ಯಾರು ಕರೆದರು ಅನ್ನುವ ಗುರುತು ಇರುತ್ತದೆ. ಇವನ್ನೆಲ್ಲ ಒಂದರ ಕೆಳಗೊಂದು, ಹಿಡಿದ ಸಮಯದಷ್ಟು ಉದ್ದದ ಪಟ್ಟಿಗಳಾಗಿ (ಬಾರ್) ಜೋಡಿಸಿದರೆ ನಮ್ಮ ಬಸ್ ಟಿಕೆಟ್ ಕಥೆ ಹೀಗೆ ಕಾಣಬಹುದು: ಲಾಗಿನ್ ಪರಿಶೀಲನೆಗೆ 40, ಸೀಟು ಹಿಡಿದಿಡಲು 180, ದರದ ಲೆಕ್ಕಕ್ಕೆ 90, ಪಾವತಿಗೆ 1,900, ಎಸ್‌ಎಂಎಸ್‌ಗೆ 120, ಉಳಿದ ಚಿಲ್ಲರೆ ಕೆಲಸಕ್ಕೆ 70 ಮಿಲಿಸೆಕೆಂಡ್.

ಪಾವತಿಯ ಪಟ್ಟಿಯನ್ನು ಬಿಡಿಸಿ ನೋಡಿದರೆ ಇನ್ನೊಂದು ವಿಷಯ ಹೊರಬರುತ್ತದೆ. ಒಳಗೆ ಮೂರು ಸಣ್ಣ ಪಟ್ಟಿಗಳು. ಮೊದಲ ಕರೆ 600 ಮಿಲಿಸೆಕೆಂಡ್ ಕಾದು ಟೈಮ್‌ಔಟ್. 100 ಬಿಡುವು. ಎರಡನೆಯದೂ 600 ಕಾದು ಟೈಮ್‌ಔಟ್. ಮತ್ತೆ 100 ಬಿಡುವು. ಮೂರನೆಯ ಸಲ 500ರಲ್ಲಿ ಉತ್ತರ. ಪಾವತಿ ಸರ್ವಿಸ್‌ನ ಲಾಗ್‌ನಲ್ಲಿ ಬರೆದಿದ್ದು ಮಾತ್ರ ‘ಪಾವತಿ ಯಶಸ್ವಿ’. ಅದು ನಿಜವೇ. ಆದರೆ ಎರಡು ಸಲ ಸೋತು ಗೆದ್ದಿದೆ ಅನ್ನುವುದು ಆ ಸಾಲಿನಲ್ಲಿಲ್ಲ. ಪಟ್ಟಿಗಳ ನಡುವಿನ ಖಾಲಿ ಜಾಗದಲ್ಲಿ ಅದು ಕಾಣುತ್ತದೆ.

ಸರ್ವಿಸ್‌ಗಳ ಸಂಖ್ಯೆ ಜಾಸ್ತಿಯಾದಂತೆ ಈ ತೊಂದರೆಯೂ ಬೆಳೆಯುತ್ತದೆ. ಗೂಗಲ್‌ನ ಎಂಜಿನಿಯರ್‌ಗಳು 2013ರಲ್ಲಿ ತೋರಿಸಿದ ಲೆಕ್ಕ ಇದು: ಒಂದು ಸರ್ವರ್ 100ರಲ್ಲಿ ಒಂದು ಸಲ ಮಾತ್ರ ತಡ ಮಾಡುತ್ತದೆ ಅಂದುಕೊಳ್ಳಿ. ಒಂದು ರಿಕ್ವೆಸ್ಟ್ ಅಂಥ 100 ಸರ್ವರ್‌ಗಳ ಉತ್ತರಕ್ಕೆ ಕಾಯಬೇಕಾದರೆ, 100ರಲ್ಲಿ 63 ರಿಕ್ವೆಸ್ಟ್‌ಗಳು ತಡವಾಗುತ್ತವೆ. ಪ್ರತಿ ಸರ್ವರ್ ತನ್ನ ಮಟ್ಟಿಗೆ 99 ಅಂಕ ತೆಗೆದುಕೊಂಡಿದೆ, ಆದರೂ ಗ್ರಾಹಕ ಕಾಯುತ್ತಲೇ ಇದ್ದಾನೆ.

## ಪೊಟ್ಟಣದ ಮೇಲಿನ ನಂಬರ್

ಹಾಗಾದರೆ ಲೈಬ್ರರಿ ಮಾಡುವ ಕೆಲಸ ಏನು? ಮೂರು ಕೆಲಸ.

ಮೊದಲನೆಯದು ಅಳತೆ. ಡೇಟಾಬೇಸ್ ಕರೆ ಶುರುವಾದಾಗ ಗಡಿಯಾರ ನೋಡುವುದು, ಮುಗಿದಾಗ ಮತ್ತೆ ನೋಡುವುದು. ಇದು ಸುಲಭ. ಕೊನೆಯದು ಸಾಗಣೆ. ಅಳೆದದ್ದನ್ನು ಆಪ್‌ಗೆ ಭಾರವಾಗದಂತೆ ಹೊರಗೆ ಕಳಿಸುವುದು. ಎಕ್ಸ್‌ರೇ ಎಸ್‌ಡಿಕೆ ಇದನ್ನು ಯುಡಿಪಿ (ತಲುಪಿತೇ ಅಂತ ಕೇಳದೆ ಕಳಿಸುವ ಪದ್ಧತಿ) ಮೂಲಕ 2000ನೇ ಪೋರ್ಟ್‌ನಲ್ಲಿ ಕಾದಿರುವ ಡೀಮನ್‌ಗೆ ಎಸೆಯುತ್ತದೆ. ಡೀಮನ್ ಇದೆಯೋ ಸತ್ತಿದೆಯೋ ಅಂತ ಆಪ್ ತಲೆಕೆಡಿಸಿಕೊಳ್ಳುವುದಿಲ್ಲ.

ನಡುವಿನ ಕೆಲಸವೇ ನಿಜವಾಗಿ ಕಷ್ಟದ್ದು. ಅದು ಗುರುತು ದಾಟಿಸುವುದು. ಕೊರಿಯರ್ ಪೊಟ್ಟಣವನ್ನು ನೆನೆಯಿರಿ. ಬುಕ್ ಮಾಡಿದ ಕಡೆ ಅಂಟಿಸಿದ ನಂಬರ್ ಕೊನೆಯ ತನಕ ಹಾಗೇ ಇದ್ದರೆ ಮಾತ್ರ ಪೊಟ್ಟಣ ಎಲ್ಲಿ ಎರಡು ದಿನ ಕೂತಿತ್ತು ಅಂತ ಹೇಳಬಹುದು. ನಡುವೆ ಒಂದು ಕಚೇರಿ ಆ ಚೀಟಿ ಕಿತ್ತು ತನ್ನದೇ ಚೀಟಿ ಅಂಟಿಸಿದರೆ ಪೊಟ್ಟಣ ತಲುಪುತ್ತದೆ, ಆದರೆ ದಾಖಲೆ ಎರಡಾಗುತ್ತದೆ. ಟ್ರೇಸಿಂಗ್‌ನಲ್ಲಿ ಆ ಚೀಟಿ ಅಂದರೆ ರಿಕ್ವೆಸ್ಟ್ ಜೊತೆ ಹೋಗುವ ಒಂದು ಹೆಡರ್.

ಈ ಹೆಡರ್ ಒಂದು ಸರ್ವಿಸ್‌ನಿಂದ ಇನ್ನೊಂದಕ್ಕೆ ಹೋದರೆ ಮಾತ್ರ ಸಾಲದು. ಒಂದೇ ಸರ್ವಿಸ್‌ನ ಒಳಗೆ, ಒಂದು ಥ್ರೆಡ್‌ನಿಂದ (ಒಟ್ಟಿಗೆ ಓಡುವ ಕೆಲಸದ ಎಳೆಗಳಲ್ಲಿ ಒಂದು) ಇನ್ನೊಂದು ಥ್ರೆಡ್‌ಗೆ, ಕ್ಯೂಗೆ ಹಾಕಿದ ಕೆಲಸದಿಂದ ಅದನ್ನು ಎತ್ತಿಕೊಳ್ಳುವ ವರ್ಕರ್‌ಗೆ ಕೂಡ ಗುರುತು ದಾಟಬೇಕು. ಅದಕ್ಕಾಗಿಯೇ ಲೈಬ್ರರಿ ಆಪ್‌ನ ಮೂಲೆ ಮೂಲೆಗೂ ಕೈ ಹಾಕುತ್ತದೆ. ವೆಬ್ ಫ್ರೇಮ್‌ವರ್ಕ್, ಡೇಟಾಬೇಸ್ ಡ್ರೈವರ್, ಎಚ್‌ಟಿಟಿಪಿ ಕ್ಲೈಂಟ್, ಎಲ್ಲದರ ಮೇಲೂ ಒಂದು ತೆಳು ಪದರ ಹೊದಿಸುತ್ತದೆ. ಅಷ್ಟು ಒಳಗೆ ಬೇರು ಬಿಟ್ಟದ್ದನ್ನು ಕೀಳುವುದು ಸುಲಭವಲ್ಲ. ಆ ಕೋಡ್ ಯಾರದು, ಅದನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವ ಪ್ರಶ್ನೆಗೆ ಇಷ್ಟು ತೂಕ ಬರುವುದು ಇದರಿಂದಲೇ.

## ಗೂಗಲ್‌ಗೆ ಸುಲಭವಾಗಿತ್ತು

ಈ ಇಡೀ ಪದ್ಧತಿಗೆ ತಳಪಾಯ ಹಾಕಿದ್ದು ಗೂಗಲ್ ಒಳಗೆ ಬಳಸುತ್ತಿದ್ದ ಡ್ಯಾಪರ್ ಎಂಬ ಟ್ರೇಸಿಂಗ್ ವ್ಯವಸ್ಥೆ. ಅದರ ವಿವರವನ್ನು ಗೂಗಲ್ 2010ರಲ್ಲಿ ಹೊರಗಿಟ್ಟಿತು. ಅದರಲ್ಲಿ ಒಂದು ಮಾತು ಇವತ್ತಿಗೂ ಅಚ್ಚರಿ ಹುಟ್ಟಿಸುತ್ತದೆ. ಡ್ಯಾಪರ್‌ನ ಅಳತೆ ಕೋಡ್‌ನ ತಿರುಳು ಸಿ++ನಲ್ಲಿ 1,000 ಸಾಲಿಗಿಂತ ಕಡಿಮೆ, ಜಾವಾದಲ್ಲಿ 800 ಸಾಲಿಗಿಂತ ಕಡಿಮೆ. ಅಷ್ಟು ದೊಡ್ಡ ಕಂಪನಿಗೆ ಅಷ್ಟು ಚಿಕ್ಕ ಕೋಡ್ ಸಾಕಾಯಿತು ಹೇಗೆ?

ಗೂಗಲ್‌ನ ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಂಗಳೂ ಒಂದೇ ಥ್ರೆಡ್ ಲೈಬ್ರರಿ, ಒಂದೇ ಆರ್‌ಪಿಸಿ ಲೈಬ್ರರಿ (ಒಂದು ಪ್ರೋಗ್ರಾಂನಿಂದ ಇನ್ನೊಂದನ್ನು ಕರೆಯುವುದು) ಬಳಸುತ್ತಿದ್ದವು. ಆ ಕೆಲವೇ ಜಾಗಗಳಲ್ಲಿ ಟ್ರೇಸಿಂಗ್ ಸೇರಿಸಿದರೆ ಊರಿಗೆಲ್ಲ ಸೇರಿಸಿದಂತೆ. ಹೊರಗಿನ ಜಗತ್ತಿನಲ್ಲಿ ಆ ಸೌಭಾಗ್ಯವಿಲ್ಲ. ವೆಬ್ ಫ್ರೇಮ್‌ವರ್ಕ್ ಅಂದರೆ ಒಬ್ಬರು ಸ್ಪ್ರಿಂಗ್, ಒಬ್ಬರು ಜಾಂಗೋ, ಇನ್ನೊಬ್ಬರು ಎಕ್ಸ್‌ಪ್ರೆಸ್. ಡೇಟಾಬೇಸ್ ಕೂಡ ಒಬ್ಬೊಬ್ಬರದು ಒಂದೊಂದು. ಪ್ರತಿಯೊಂದಕ್ಕೂ ಬೇರೆ ಪದರ ಬರೆಯಬೇಕು, ಅವು ಹೊಸ ಆವೃತ್ತಿ ಬಿಟ್ಟಾಗಲೆಲ್ಲ ತಿದ್ದಬೇಕು.

ಟ್ವಿಟರ್ 2012ರಲ್ಲಿ ತನ್ನ ಟ್ರೇಸಿಂಗ್ ಸಾಧನ ಜಿಪ್ಕಿನ್ ಅನ್ನು ಮುಕ್ತವಾಗಿ ಕೊಟ್ಟಿತು. ಊಬರ್‌ನಲ್ಲಿ ಹುಟ್ಟಿದ ಯೇಗರ್ 2017ರಲ್ಲಿ ಹೊರಬಂತು. ಎಡಬ್ಲ್ಯೂಎಸ್ 2016ರ ಕೊನೆಗೆ ಎಕ್ಸ್‌ರೇ ತೋರಿಸಿತು. ಗೂಗಲ್ ತನ್ನ ಕ್ಲೌಡ್ ಗ್ರಾಹಕರಿಗೆ ಸ್ಟ್ಯಾಕ್‌ಡ್ರೈವರ್ ಟ್ರೇಸ್ ಕೊಟ್ಟಿತು, ಈಗ ಅದರ ಹೆಸರು ಕ್ಲೌಡ್ ಟ್ರೇಸ್. ಒಬ್ಬೊಬ್ಬರದೂ ಬೇರೆ ಲೈಬ್ರರಿ, ಬೇರೆ ಹೆಡರ್. ಜಿಪ್ಕಿನ್‌ನದು ಬಿ3, ಎಡಬ್ಲ್ಯೂಎಸ್‌ನದು ‘ಎಕ್ಸ್-ಅಮ್ಜನ್-ಟ್ರೇಸ್-ಐಡಿ’, ಗೂಗಲ್‌ನದು ‘ಎಕ್ಸ್-ಕ್ಲೌಡ್-ಟ್ರೇಸ್-ಕಾಂಟೆಕ್ಸ್ಟ್’. ಒಬ್ಬರ ಚೀಟಿ ಇನ್ನೊಬ್ಬರಿಗೆ ಓದಲು ಬರುತ್ತಿರಲಿಲ್ಲ.

ಇದನ್ನು ಸರಿಪಡಿಸಲು ಹೊರಟವರೇ ಮೊದಲು ಎರಡಾದರು. ಓಪನ್‌ಟ್ರೇಸಿಂಗ್ ಬರೀ ನಿಯಮ ಕೊಟ್ಟಿತು, ಅದರಂತೆ ಕೋಡ್ ಬರೆಯುವುದನ್ನು ಬೇರೆಯವರಿಗೆ ಬಿಟ್ಟಿತು. ಗೂಗಲ್‌ನಿಂದ 2018ರಲ್ಲಿ ಬಂದ ಓಪನ್‌ಸೆನ್ಸಸ್ ನಿಯಮದ ಜೊತೆ ಕೋಡನ್ನೂ ಕೊಟ್ಟಿತು. ಯಾವುದನ್ನು ಆರಿಸಬೇಕು ಅಂತ ಲೈಬ್ರರಿ ಬರೆಯುವವರು ತಲೆ ಕೆರೆದುಕೊಂಡರು. ಕೊನೆಗೆ 2019ರಲ್ಲಿ ಎರಡೂ ಸೇರಿ ಓಪನ್‌ಟೆಲಿಮೆಟ್ರಿ ಆಯಿತು. 2020ರ ಫೆಬ್ರವರಿಯಲ್ಲಿ ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಎಲ್ಲರಿಗೂ ಒಂದೇ ಹೆಡರ್ ಗೊತ್ತುಮಾಡಿತು. ಅದರ ಹೆಸರು ‘ಟ್ರೇಸ್‌ಪೇರೆಂಟ್’. ಒಟ್ಟು 55 ಅಕ್ಷರ: ಆವೃತ್ತಿಗೆ 2, ಟ್ರೇಸ್‌ನ ಗುರುತಿಗೆ 32, ಕರೆದ ಸ್ಪ್ಯಾನ್‌ನ ಗುರುತಿಗೆ 16, ‘ಇದನ್ನು ದಾಖಲಿಸಬೇಕೋ ಬೇಡವೋ’ ಅನ್ನುವುದಕ್ಕೆ 2, ನಡುವೆ ಮೂರು ಅಡ್ಡಗೆರೆ. ಇಷ್ಟು ಪುಟ್ಟ ಸಾಲಿನ ಮೇಲೆ ಒಮ್ಮತ ಬರಲು ಡ್ಯಾಪರ್‌ನ ವಿವರ ಹೊರಬಂದ ಮೇಲೂ ಹತ್ತು ವರ್ಷ ಬೇಕಾಯಿತು.

ಹೊಸದು ನಿಂತ ಮೇಲೆ ಹಳೆಯವು ಒಂದೊಂದಾಗಿ ತೆರೆಮರೆಗೆ ಸರಿದವು. ಓಪನ್‌ಟ್ರೇಸಿಂಗ್ 2022ರಲ್ಲಿ, ಓಪನ್‌ಸೆನ್ಸಸ್ 2023ರ ಜುಲೈ 31ಕ್ಕೆ ಕೊನೆಯಾದವು. ಯೇಗರ್ ತನ್ನ ಸ್ವಂತ ಕ್ಲೈಂಟ್ ಲೈಬ್ರರಿಗಳನ್ನು ಕೈಬಿಟ್ಟು, ಟ್ರೇಸ್ ಕೂಡಿಡುವ ಮತ್ತು ತೋರಿಸುವ ಕೆಲಸವನ್ನಷ್ಟೇ ಇಟ್ಟುಕೊಂಡಿತು. ಎಕ್ಸ್‌ರೇ ಎಸ್‌ಡಿಕೆ ಈ ಸಾಲಿನಲ್ಲಿ ತಡವಾಗಿ ಸೇರುತ್ತಿದೆ.

## ಎಡಬ್ಲ್ಯೂಎಸ್ ಯಾಕೆ ಕೈಬಿಡುತ್ತದೆ

ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ. ಎಕ್ಸ್‌ರೇ ಎಸ್‌ಡಿಕೆ ಇರುವುದು ಜಾವಾ, ನೋಡ್, ಪೈಥಾನ್, ಗೋ, ರೂಬಿ, ಡಾಟ್‌ನೆಟ್ ಎಂಬ ಆರು ಕಡೆ. ಪ್ರತಿ ಭಾಷೆಯಲ್ಲೂ ಹತ್ತಾರು ಫ್ರೇಮ್‌ವರ್ಕ್ ಮತ್ತು ಡ್ರೈವರ್. ಅವುಗಳ ಬೆನ್ನು ಹತ್ತಿ ಓಡುವುದು ಮುಗಿಯದ ಕೆಲಸ. ಎಡಬ್ಲ್ಯೂಎಸ್‌ನ ಸ್ವಂತ ಮನೆಯಲ್ಲೇ ಇದರ ಉದಾಹರಣೆ ಇದೆ. ಜಾವಾಸ್ಕ್ರಿಪ್ಟ್‌ಗಾಗಿ ಅದು ಕೊಡುವ ಎಸ್‌ಡಿಕೆ ಎರಡನೇ ಆವೃತ್ತಿಯಿಂದ ಮೂರಕ್ಕೆ ಹೋದಾಗ ರಚನೆಯೇ ಬದಲಾಯಿತು. ಅದಕ್ಕಾಗಿ ಎಕ್ಸ್‌ರೇ ಲೈಬ್ರರಿ ಬೇರೆಯೇ ಫಂಕ್ಷನ್ ಕೊಡಬೇಕಾಯಿತು, ಬಳಸುವವರು ತಮ್ಮ ಕೋಡ್ ತಿದ್ದಬೇಕಾಯಿತು.

ಇದೇ ಕೆಲಸವನ್ನು ಗೂಗಲ್, ಮೈಕ್ರೋಸಾಫ್ಟ್, ಡೇಟಾಡಾಗ್ ಮುಂತಾದವರೆಲ್ಲ ಬೇರೆ ಬೇರೆಯಾಗಿ ಮಾಡುತ್ತಿದ್ದರು. ಒಂದೇ ಬಾವಿಯನ್ನು ಎಲ್ಲರೂ ತಮ್ಮ ತಮ್ಮ ಹಿತ್ತಲಲ್ಲಿ ತೋಡಿದಂತೆ. ಓಪನ್‌ಟೆಲಿಮೆಟ್ರಿಯಲ್ಲಿ ಆ ಪದರಗಳನ್ನು ಎಲ್ಲರೂ ಸೇರಿ ಒಮ್ಮೆ ಬರೆಯುತ್ತಾರೆ. ಕಂಪನಿಗಳು ಸ್ಪರ್ಧಿಸುವುದು ಆಮೇಲಿನ ಹಂತದಲ್ಲಿ: ಯಾರು ಚೆನ್ನಾಗಿ ಕೂಡಿಡುತ್ತಾರೆ, ಯಾರು ಬೇಗ ಹುಡುಕಿಕೊಡುತ್ತಾರೆ, ಯಾರ ದರ ಕಡಿಮೆ.

ಇದರಲ್ಲಿ ಬಳಕೆದಾರನಿಗೆ ಒಂದು ದೊಡ್ಡ ಲಾಭವಿದೆ. ಈವರೆಗೆ ಎಕ್ಸ್‌ರೇ ಬಿಟ್ಟು ಬೇರೆಡೆ ಹೋಗಬೇಕಾದರೆ ಇಡೀ ಕೋಡ್ ಬಿಚ್ಚಬೇಕಿತ್ತು. ಇನ್ನು ಮುಂದೆ ಡೇಟಾ ಎಲ್ಲಿಗೆ ಹೋಗಬೇಕು ಅನ್ನುವುದು ಒಂದು ವಿಳಾಸದ ಪ್ರಶ್ನೆ. ಅಳೆಯುವ ಕೋಡ್ ಆಪ್‌ನ ಜೊತೆಗೇ ಇರಬೇಕು, ಡೇಟಾ ಕೂಡಿಡುವ ಅಂಗಡಿಯ ಜೊತೆಗಲ್ಲ. ಈ ಬದಲಾವಣೆ ಬಹಳ ಹಿಂದೆಯೇ ಆಗಬೇಕಿತ್ತು.

## ಒಪ್ಪದವರ ಮಾತಿನಲ್ಲೂ ಹುರುಳಿದೆ

ಆದರೆ ವಿರೋಧಿಸುವವರು ಸುಮ್ನೆ ಗೊಣಗುತ್ತಿಲ್ಲ. ಅವರ ಮೊದಲ ಆಕ್ಷೇಪ ತೊಡಕಿನದು. ಎಕ್ಸ್‌ರೇ ಎಸ್‌ಡಿಕೆಯಲ್ಲಿ ಒಂದು ಲೈಬ್ರರಿ ಸೇರಿಸಿ ನಾಲ್ಕಾರು ಸಾಲು ಬರೆದರೆ ಟ್ರೇಸ್ ಬರುತ್ತಿತ್ತು. ಓಪನ್‌ಟೆಲಿಮೆಟ್ರಿಯಲ್ಲಿ ಪ್ರೊವೈಡರ್, ಪ್ರೊಸೆಸರ್, ಎಕ್ಸ್‌ಪೋರ್ಟರ್, ಪ್ರೊಪಗೇಟರ್, ಸ್ಯಾಂಪ್ಲರ್ ಅಂತ ಬಿಡಿಭಾಗಗಳ ಸಾಲೇ ಇದೆ. ಎಲ್ಲರಿಗೂ ಹೊಂದಬೇಕಾದ ವಸ್ತು ಹೀಗೇ ಆಗುತ್ತದೆ. ಮೂರು ಜನರ ಟೀಮ್‌ಗೆ ಇದು ನಿಜವಾದ ಹೊರೆ. ಕೋಡ್ ಮುಟ್ಟದೆ ಅಳತೆ ಸೇರಿಸುವ ದಾರಿ ಜಾವಾ, ಪೈಥಾನ್ ಮುಂತಾದ ಕಡೆ ಇದೆ ಅನ್ನುವುದು ಸಮಾಧಾನ. ಕರೆ ಬಂದಾಗ ಮಾತ್ರ ಫಂಕ್ಷನ್ ಓಡಿಸುವ ಎಡಬ್ಲ್ಯೂಎಸ್‌ನ ಲ್ಯಾಂಬ್ಡಾದಲ್ಲಿ ಮಾತ್ರ ಅದೂ ಒಂದು ಬೆಲೆ ಕೇಳುತ್ತದೆ. ಫಂಕ್ಷನ್ ಮೊದಲ ಸಲ ಏಳುವಾಗ ಈ ಹೆಚ್ಚುವರಿ ಭಾರವೂ ಲೋಡ್ ಆಗಬೇಕು, ಅಷ್ಟು ತಡ ಸೇರುತ್ತದೆ. ತಡ ಅಳೆಯಲು ಹೋಗಿ ತಡ ಸೇರಿಸಿಕೊಂಡಂತೆ ಅನ್ನುವುದು ನ್ಯಾಯವಾದ ದೂರು.

ಎರಡನೇ ಆಕ್ಷೇಪ ಸ್ಥಿರತೆಯದು. ಎಚ್‌ಟಿಟಿಪಿ ಸ್ಪ್ಯಾನ್‌ಗಳ ಮೇಲೆ ಯಾವ ಯಾವ ಹೆಸರಿನಲ್ಲಿ ಮಾಹಿತಿ ಬರೆಯಬೇಕು ಅನ್ನುವ ನಿಯಮವನ್ನು ಓಪನ್‌ಟೆಲಿಮೆಟ್ರಿ 2023ರ ನವೆಂಬರ್‌ನಲ್ಲಿ ಸ್ಥಿರ ಅಂತ ಘೋಷಿಸಿತು. ಆದರೆ ಆ ಹೊತ್ತಿಗೆ ಹೆಸರುಗಳು ಬದಲಾಗಿದ್ದವು. ‘ಎಚ್‌ಟಿಟಿಪಿ.ಮೆಥಡ್’ ಇದ್ದದ್ದು ‘ಎಚ್‌ಟಿಟಿಪಿ.ರಿಕ್ವೆಸ್ಟ್.ಮೆಥಡ್’ ಆಯಿತು, ‘ಎಚ್‌ಟಿಟಿಪಿ.ಸ್ಟೇಟಸ್_ಕೋಡ್’ ಇದ್ದದ್ದು ‘ಎಚ್‌ಟಿಟಿಪಿ.ರೆಸ್ಪಾನ್ಸ್.ಸ್ಟೇಟಸ್_ಕೋಡ್’ ಆಯಿತು. ಹಳೆಯ ಹೆಸರು ನಂಬಿ ಕಟ್ಟಿದ ಅಲರ್ಟ್ ಇಂಥ ಬದಲಾವಣೆಯ ಮರುದಿನ ದೋಷ ಬಂದರೂ ಕೂಗುವುದಿಲ್ಲ. ಯಾಕೆಂದರೆ ಅದು ಹುಡುಕುತ್ತಿರುವ ಹೆಸರಿನಲ್ಲಿ ಏನೂ ಬರುತ್ತಿಲ್ಲ. ಒಂದೇ ಕಂಪನಿಯ ಲೈಬ್ರರಿಯಾಗಿದ್ದರೆ ಇಂಥದ್ದು ಕಡಿಮೆ ಅಂತ ಅವರ ವಾದ.

ಇನ್ನು ಕೆಲವರು ಲೈಬ್ರರಿಯೇ ಬೇಡ ಅನ್ನುತ್ತಾರೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೆ ಪುಟ್ಟ ಪ್ರೋಗ್ರಾಂ ಓಡಿಸಲು ಬಿಡುವ ಇಬಿಪಿಎಫ್ ಬಳಸಿ ಹೊರಗಿನಿಂದಲೇ ರಿಕ್ವೆಸ್ಟ್‌ಗಳನ್ನು ಗಮನಿಸಬಹುದು. ಗ್ರಫಾನಾ ಲ್ಯಾಬ್ಸ್ ಇಂಥ ತನ್ನ ಸಾಧನವನ್ನು ಓಪನ್‌ಟೆಲಿಮೆಟ್ರಿಗೇ ಕೊಟ್ಟಿದೆ. ಒಳ್ಳೆಯ ದಾರಿ, ಆದರೆ ಹೊರಗೆ ನಿಂತವರಿಗೆ ಒಳಗಿನ ಅರ್ಥ ಪೂರ್ತಿ ತಿಳಿಯುವುದಿಲ್ಲ. ‘ಇದು ಹುಬ್ಬಳ್ಳಿ ಬಸ್ಸಿನ ಎರಡನೇ ಪ್ರಯತ್ನ’ ಅನ್ನುವುದನ್ನು ಆಪ್ ಮಾತ್ರ ಹೇಳಬಲ್ಲದು. ಲ್ಯಾಂಬ್ಡಾದಂಥ ಕಡೆ ಕರ್ನಲ್ ನಮ್ಮ ಕೈಗೆ ಸಿಗುವುದೂ ಇಲ್ಲ.

## ಅರ್ಧ ದಾರಿಯಲ್ಲಿ ತುಂಡಾಗುವ ಟ್ರೇಸ್

ನಿಜವಾದ ಅಪಾಯ ಇರುವುದು ಹಳೆಯದರಲ್ಲೂ ಅಲ್ಲ, ಹೊಸದರಲ್ಲೂ ಅಲ್ಲ. ಎರಡರ ನಡುವೆ ಕಳೆಯುವ ತಿಂಗಳುಗಳಲ್ಲಿ. 40 ಸರ್ವಿಸ್ ಇರುವ ಕಂಪನಿ ಒಂದೇ ರಾತ್ರಿ ಎಲ್ಲವನ್ನೂ ಬದಲಿಸುವುದಿಲ್ಲ ಅಲ್ವಾ? ಇವತ್ತು ಸೀಟು ಸರ್ವಿಸ್, ಮುಂದಿನ ತಿಂಗಳು ದರ, ಪಾವತಿ ಕೊನೆಗೆ.

ಆಗ ಆಗುವುದು ಇದು. ಸೀಟು ಸರ್ವಿಸ್ ಓಪನ್‌ಟೆಲಿಮೆಟ್ರಿಗೆ ಹೋಗಿದೆ. ಬೇರೇನೂ ಹೇಳದಿದ್ದರೆ ಅದು ಪಾವತಿ ಸರ್ವಿಸ್‌ಗೆ ‘ಟ್ರೇಸ್‌ಪೇರೆಂಟ್’ ಹೆಡರ್ ಕಳಿಸುತ್ತದೆ. ಪಾವತಿ ಇನ್ನೂ ಎಕ್ಸ್‌ರೇ ಎಸ್‌ಡಿಕೆಯಲ್ಲಿದೆ. ಅದು ಹುಡುಕುವುದು ತನ್ನ ಹಳೆಯ ಹೆಡರನ್ನು. ಸಿಗಲಿಲ್ಲ, ಹೊಸ ಪ್ರಯಾಣ ಅಂದುಕೊಂಡು ಹೊಸ ಗುರುತು ಕೊಡುತ್ತದೆ. ಪರದೆಯ ಮೇಲೆ ಎರಡು ಟ್ರೇಸ್ ಬರುತ್ತವೆ. ಒಂದು ಪಾವತಿಯ ಬಾಗಿಲಲ್ಲಿ ನಿಂತುಹೋಗುತ್ತದೆ, ಇನ್ನೊಂದು ಎಲ್ಲಿಂದ ಬಂತೋ ತಿಳಿಯುವುದಿಲ್ಲ.

ಇದಕ್ಕೆ ಸ್ಯಾಂಪ್ಲಿಂಗ್ ಸೇರಿದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ. ಎಲ್ಲ ರಿಕ್ವೆಸ್ಟ್‌ಗಳನ್ನೂ ದಾಖಲಿಸುವುದು ದುಬಾರಿ, ಹಾಗಾಗಿ ಕೆಲವನ್ನು ಮಾತ್ರ ಆರಿಸುತ್ತಾರೆ. ಆ ಆಯ್ಕೆ ಮೊದಲ ಸರ್ವಿಸ್‌ನಲ್ಲಿ ಒಮ್ಮೆ ಆಗಿ, ಹೆಡರ್ ಮೂಲಕ ಮುಂದಿನವರಿಗೆ ತಿಳಿಯಬೇಕು. ಹೆಡರ್ ಅರ್ಥವಾಗದಿದ್ದರೆ ಪ್ರತಿ ಸರ್ವಿಸ್ ತನ್ನ ಪಾಡಿಗೆ ತಾನೇ ಆರಿಸುತ್ತದೆ. ಎರಡು ಕಡೆಯೂ 100ಕ್ಕೆ 6 ಆರಿಸುತ್ತಾರೆ ಅಂದುಕೊಳ್ಳಿ. ಒಂದೇ ರಿಕ್ವೆಸ್ಟ್ ಎರಡೂ ಕಡೆ ಸಿಗುವ ಸಾಧ್ಯತೆ 0.36%. ಅಂದರೆ 1,000ದಲ್ಲಿ ನಾಲ್ಕೂ ಇಲ್ಲ. ಕೈಯಿಂದ ಹೊಂದಿಸಿ ನೋಡೋಣ ಅಂದರೂ ಇನ್ನೊಂದು ಅರ್ಧ ಇರುವುದೇ ಇಲ್ಲ.

ಪರಿಹಾರ ಕಷ್ಟವಲ್ಲ, ಮೊದಲೇ ಮಾಡಬೇಕು ಅಷ್ಟೇ. ಓಪನ್‌ಟೆಲಿಮೆಟ್ರಿಗೆ ಒಂದಕ್ಕಿಂತ ಹೆಚ್ಚು ಹೆಡರ್ ಓದಲು, ಬರೆಯಲು ಹೇಳಬಹುದು. ಮೊದಲ ಸರ್ವಿಸ್ ಬದಲಿಸುವ ದಿನವೇ ಎಕ್ಸ್‌ರೇಯ ಪ್ರೊಪಗೇಟರ್ (ಹೆಡರ್ ಓದಿ ಬರೆಯುವ ಭಾಗ) ಮತ್ತು ಡಬ್ಲ್ಯೂ3ಸಿಯದ್ದು ಎರಡನ್ನೂ ಹಚ್ಚಬೇಕು. ಕೊನೆಯ ಸರ್ವಿಸ್ ಬದಲಾದ ಮೇಲೆ ಹಳೆಯದನ್ನು ತೆಗೆಯಬಹುದು. ಟ್ರೇಸ್ ಗುರುತಿನ ವಿಷಯದಲ್ಲಿ ಹಿಂದೆ ಇನ್ನೊಂದು ತೊಡಕಿತ್ತು. ಎಕ್ಸ್‌ರೇಯ ಗುರುತಿನ ಮೊದಲ ಭಾಗದಲ್ಲಿ ಸಮಯ ಅಡಗಿರುತ್ತದೆ, ಓಪನ್‌ಟೆಲಿಮೆಟ್ರಿಯದು ಪೂರ್ತಿ ಯಾದೃಚ್ಛಿಕ. 2023ರಿಂದ ಎಕ್ಸ್‌ರೇ ಸೇವೆ ಡಬ್ಲ್ಯೂ3ಸಿ ಮಾದರಿಯ ಗುರುತನ್ನೂ ಒಪ್ಪಿಕೊಳ್ಳುತ್ತದೆ, ಆ ತಲೆನೋವು ಈಗಿಲ್ಲ.

## ಬಿಲ್ ಹಿಗ್ಗುವ ಜಾಗ

ಇನ್ನೊಂದು ಬಲೆ ಸ್ಯಾಂಪ್ಲಿಂಗ್‌ನ ಮೂಲ ಸೆಟ್ಟಿಂಗ್‌ನಲ್ಲಿದೆ. ಎಕ್ಸ್‌ರೇ ಎಸ್‌ಡಿಕೆಗೆ ಏನೂ ಹೇಳದಿದ್ದರೆ ಪ್ರತಿ ಸೆಕೆಂಡಿನ ಮೊದಲ ರಿಕ್ವೆಸ್ಟ್ ಮತ್ತು ಉಳಿದವುಗಳಲ್ಲಿ 5% ಮಾತ್ರ ದಾಖಲಿಸುತ್ತದೆ. ಓಪನ್‌ಟೆಲಿಮೆಟ್ರಿಯ ಮೂಲ ಎಸ್‌ಡಿಕೆಗೆ ಏನೂ ಹೇಳದಿದ್ದರೆ ಎಲ್ಲವನ್ನೂ ದಾಖಲಿಸುತ್ತದೆ.

ಸೆಕೆಂಡಿಗೆ 100 ರಿಕ್ವೆಸ್ಟ್ ಬರುವ ಆಪ್ ತೆಗೆದುಕೊಳ್ಳಿ. ಹಳೆಯ ಪದ್ಧತಿಯಲ್ಲಿ ಸೆಕೆಂಡಿಗೆ ಸುಮಾರು 6 ಟ್ರೇಸ್, 30 ದಿನಕ್ಕೆ 1.54 ಕೋಟಿ. ಎಕ್ಸ್‌ರೇಯ ಪಟ್ಟಿದರ ಹತ್ತು ಲಕ್ಷ ಟ್ರೇಸ್‌ಗೆ 5 ಡಾಲರ್. ಅಂದರೆ ಸುಮಾರು 77 ಡಾಲರ್. ಎಲ್ಲವನ್ನೂ ದಾಖಲಿಸಿದರೆ 25.92 ಕೋಟಿ ಟ್ರೇಸ್, ಸುಮಾರು 1,296 ಡಾಲರ್. ಅದೇ ಆಪ್, ಅಷ್ಟೇ ಗ್ರಾಹಕರು, ಹದಿನಾರು ಪಟ್ಟು ಮೀರಿದ ಬಿಲ್. ತಿಂಗಳ ಕೊನೆಗೆ ಇದನ್ನು ನೋಡಿದ ಮ್ಯಾನೇಜರ್ ಟ್ರೇಸಿಂಗನ್ನೇ ಆಫ್ ಮಾಡಿಸಿದರೆ ತಪ್ಪು ಹೊಸ ಲೈಬ್ರರಿಯ ತಲೆಗೆ ಬರುತ್ತದೆ. ಆಗಿದ್ದು ಮಾತ್ರ ಒಂದು ಸೆಟ್ಟಿಂಗ್ ಮರೆತದ್ದು.

ದುಡ್ಡಷ್ಟೇ ಅಲ್ಲ, ವೇಗದ ಲೆಕ್ಕವೂ ಇದೆ. ಡ್ಯಾಪರ್ ಕಾಲದಲ್ಲೇ ಗೂಗಲ್ ಅಳೆದು ನೋಡಿತ್ತು. ತನ್ನ ವೆಬ್ ಹುಡುಕಾಟದ ಮೇಲೆ ಪ್ರತಿ ರಿಕ್ವೆಸ್ಟ್‌ಗೂ ಟ್ರೇಸ್ ಹಾಕಿದಾಗ ಸರಾಸರಿ ತಡ 16.3% ಜಾಸ್ತಿಯಾಯಿತು. 1,024ರಲ್ಲಿ ಒಂದಕ್ಕೆ ಇಳಿಸಿದಾಗ ವ್ಯತ್ಯಾಸ ಲೆಕ್ಕಕ್ಕೇ ಸಿಗಲಿಲ್ಲ. ಅಂದಿನ ಅಂಕಿ ಇಂದಿನ ಆಪ್‌ಗೆ ಹಾಗೇ ಹೊಂದದಿರಬಹುದು. ಆದರೆ ಅಳತೆ ಪುಕ್ಕಟೆ ಅಲ್ಲ ಅನ್ನುವುದು ಬದಲಾಗಿಲ್ಲ.

ಇದಕ್ಕೆ ಜಾಣ ಉತ್ತರವೂ ಓಪನ್‌ಟೆಲಿಮೆಟ್ರಿಯಲ್ಲೇ ಇದೆ. ಡೀಮನ್‌ನ ಜಾಗಕ್ಕೆ ಬರುವ ಕಲೆಕ್ಟರ್ ಎಂಬ ಪ್ರೋಗ್ರಾಂ ಟ್ರೇಸ್ ಪೂರ್ತಿ ಮುಗಿಯುವ ತನಕ ಕಾದು, ಆಮೇಲೆ ಯಾವುದನ್ನು ಇಟ್ಟುಕೊಳ್ಳಬೇಕು ಅಂತ ತೀರ್ಮಾನಿಸಬಲ್ಲದು. ದೋಷ ಬಂದವನ್ನೆಲ್ಲ ಇಡು, ಎರಡು ಸೆಕೆಂಡ್ ಮೀರಿದವನ್ನೆಲ್ಲ ಇಡು, ಸರಿಯಾಗಿ ನಡೆದವುಗಳಲ್ಲಿ ನೂರಕ್ಕೆ ಒಂದು ಸಾಕು. ನಮ್ಮ ಹುಬ್ಬಳ್ಳಿ ಟಿಕೆಟ್ ಆಗ ತಪ್ಪಿಹೋಗುವುದಿಲ್ಲ. ಆದರೆ ಒಂದು ಟ್ರೇಸ್‌ನ ಎಲ್ಲ ತುಂಡುಗಳೂ ಒಂದೇ ಕಲೆಕ್ಟರ್‌ಗೆ ಬರಬೇಕು, ಕಾಯುವಷ್ಟು ಹೊತ್ತು ಅವನ್ನು ಮೆಮೊರಿಯಲ್ಲಿ ಹಿಡಿದಿಡಬೇಕು. ಅದನ್ನು ನಡೆಸಲು ಜನ ಬೇಕು.

## ಮುಟ್ಟದೆ ಹಾಗೇ ಬಿಟ್ಟರೆ

2027ರ ಫೆಬ್ರವರಿ 26ರ ಬೆಳಗ್ಗೆ ಯಾವ ಆಪ್ ಕೂಡ ಕುಸಿದು ಬೀಳುವುದಿಲ್ಲ. ಹಳೆಯ ಲೈಬ್ರರಿ ಓಡುತ್ತಲೇ ಇರುತ್ತದೆ. ಕೆಲಸ ಮುಂದೂಡಲು ಇದೇ ಕಾರಣ ಕೊಡುವವರು ಬಹಳ ಇರುತ್ತಾರೆ.

ಬೆಂಗಳೂರಿನ ಸಾಫ್ಟ್‌ವೇರ್ ಕೆಲಸದ ರೀತಿ ಗೊತ್ತಿದ್ದವರಿಗೆ ಮುಂದಿನದನ್ನು ಊಹಿಸುವುದು ಕಷ್ಟವಲ್ಲ. ಇಲ್ಲಿ ಎಷ್ಟೋ ಟೀಮ್‌ಗಳು ಹೊರದೇಶದ ಗ್ರಾಹಕರ ಕೋಡನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತವೆ. ಎಕ್ಸ್‌ರೇ ಸೇರಿಸಿದವರು ಕೆಲಸ ಬಿಟ್ಟು ಹೋಗಿರುತ್ತಾರೆ. ಲೈಬ್ರರಿ ಬದಲಿಸಿದರೆ ಗ್ರಾಹಕನ ಕಣ್ಣಿಗೆ ಕಾಣುವ ಹೊಸ ಸೌಲಭ್ಯ ಏನೂ ಇಲ್ಲ. ಹಾಗಾಗಿ ಅದಕ್ಕೆ ಗಂಟೆಗಳ ಲೆಕ್ಕ ಬರೆದು ಒಪ್ಪಿಗೆ ಪಡೆಯುವುದು ಕಷ್ಟ. ಹೊರೆ ಬೀಳುವುದು ಆ ಕೋಡ್ ಬರೆಯದೇ ಇದ್ದ, ಈಗ ರಾತ್ರಿ ಪಾಳಿಯಲ್ಲಿ ಕೂತು ಅಲರ್ಟ್ ನೋಡುವ ಎಂಜಿನಿಯರ್ ಮೇಲೆ. ತಾರೀಕು ಬರುವ ಮೊದಲೇ ಈ ಮಾತನ್ನು ಗ್ರಾಹಕರ ಮುಂದೆ ಇಡುವುದು ಟೀಮ್ ನಡೆಸುವವರ ಜವಾಬ್ದಾರಿ. ಕಿರಿಯರ ತಲೆಗೆ ಕಟ್ಟುವಂಥದ್ದಲ್ಲ.

ಯಾಕೆಂದರೆ ಹಳೆಯ ಲೈಬ್ರರಿ ಕೆಡುವುದು ಸದ್ದಿಲ್ಲದೆ. ಡೇಟಾಬೇಸ್ ಡ್ರೈವರ್‌ಗೆ ಹೊಸ ಆವೃತ್ತಿ ಬರುತ್ತದೆ. ಭದ್ರತೆಯ ಕಾರಣಕ್ಕೆ ಅದನ್ನು ಹಾಕಲೇಬೇಕು, ಹಾಕುತ್ತಾರೆ. ಒಳಗಿನ ಫಂಕ್ಷನ್‌ನ ಹೆಸರು ಬದಲಾಗಿದೆ. ಎಕ್ಸ್‌ರೇಯ ಪದರ ಹಳೆಯ ಹೆಸರಿನ ಮೇಲೆ ಕೈಯಿಟ್ಟು ಕೂತಿದೆ. ಪರೀಕ್ಷೆಗಳೆಲ್ಲ ಪಾಸ್. ಎರರ್ ಇಲ್ಲ. ಆ ದಿನದಿಂದ ಸೀಟು ಹಿಡಿದಿಡುವ 180 ಮಿಲಿಸೆಕೆಂಡಿನ ಪಟ್ಟಿಯೊಳಗೆ ಡೇಟಾಬೇಸ್‌ನ ಸ್ಪ್ಯಾನ್ ಮಾತ್ರ ಕಾಣುವುದಿಲ್ಲ. ಮೂರು ತಿಂಗಳು ಬಿಟ್ಟು ಆ 180 ಎಂಬುದು 1,800 ಆದಾಗ ಯಾರೋ ಟ್ರೇಸ್ ತೆರೆಯುತ್ತಾರೆ. ಅಲ್ಲಿ ಉದ್ದನೆಯ ಒಂದು ಪಟ್ಟಿ ಇರುತ್ತದೆ, ಅದರ ಕೆಳಗೆ ಏನೂ ಇರುವುದಿಲ್ಲ.